ಕವಯಿತ್ರಿ ಅವೆಲ್ಯಾನೇದಾ

ಕ್ಯೂಬಾ ದ್ವೀಪವು ಸಕ್ಕರೆಗೂ ಹೊಗೆಸೊಪ್ಪಿಗೂ ಹೆಸರಾದುದೆಂಬುದನ್ನು ನಮ್ಮ ವಾಚಕರು ಬಲ್ಲರು. ಆ ದ್ವೀಪದಲ್ಲಿ ಹುಟ್ಟಿ, ಸ್ಪೇನ್ ದೇಶದ ರಂಗಭೂಮಿಯನ್ನು ಆಳಿದ ಒಬ್ಬ ಸ್ತ್ರೀಯ ವೃತ್ತಾಂತವನ್ನು ಈ ತಿಂಗಳು ಅವರ ಮುಂದಿಡುತ್ತೇವೆ. ಆಕೆಯ ಹೆಸರು ಹೆರ್ತ್ರೂದಿಸ್ ಗೋಮೆಸ್ ದೆ ಅವೆಲ್ಯಾನೇದಾ. ಮನೆಯವರು ಕರೆಯುತ್ತಿದ್ದುದು ತೂಲಾ ಎಂದು.

ಈಕೆ 1814ರಲ್ಲಿ, ಈಗ ಕಾಮಾಗ್ವೇ ಎನ್ನಿಸಿಕೊಂಡಿರುವ ಪಟ್ಟಣದಲ್ಲಿ ಜನಿಸಿದಳು. ಆಗ ಕ್ಯೂಬಾ ಸ್ಪೇನಿನ ಅಧೀನದಲ್ಲಿತ್ತು. ತಂದೆ ಸ್ಪೇನಿನ ನೌಕಾಪಡೆಯ ಅಧಿಕಾರಿ. ತಾಯಿಯದು ಊರಿನಲ್ಲಿಯೇ ಅನುಕೂಲಸ್ಥ ಮನೆತನ. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಬಾಲಿಕೆಗೆ ಹಿರಿಯರು ಸಿರಿವಂತನಾದ ಬಂಧುವೊಬ್ಬನನ್ನು ನಿಶ್ಚಯಿಸಿದರು. ಆಕೆ ಒಲ್ಲೆನೆಂದಳು. ತಾತನು ಸಿಟ್ಟಾಗಿ ತನ್ನ ಆಸ್ತಿಯಲ್ಲಿ ಆಕೆಗೆ ಭಾಗವಿಲ್ಲದಂತೆ ಮಾಡಿದನು.

1836ರಲ್ಲಿ ತಾಯಿ, ಮಲತಂದೆಯರೊಡನೆ ಸ್ಪೇನಿಗೆ ಹಡಗು ಹತ್ತಿದಾಗ, ತಾಯ್ನೆಲವು ಕಣ್ಮರೆಯಾಗುವುದನ್ನು ಕುರಿತು ಆಕೆ ಹದಿನಾಲ್ಕು ಸಾಲುಗಳ ಒಂದು ಪದ್ಯವನ್ನು ರಚಿಸಿದಳು. ‘ಹೊರಡುವಾಗ’ ಎಂಬ ಆ ಪದ್ಯವೇ ಆಕೆಯ ಕವಿತೆಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದುದು. ಸೆವಿಲ್ ನಗರದಲ್ಲಿ ‘ಯಾತ್ರಿಕಳು’ ಎಂಬ ಕಾವ್ಯನಾಮದಿಂದ ಬರೆದು, 1840ರಲ್ಲಿ ಮ್ಯಾಡ್ರಿಡ್ ಸೇರಿದಳು. ಮರುವರ್ಷವೇ ಕವಿತಾಸಂಗ್ರಹವು ಹೊರಬಿದ್ದಿತು. ಹುವಾನ್ ನಿಕಾಸಿಯೋ ಗಯೇಗೋ ಎಂಬ ವಯೋವೃದ್ಧ ಕವಿಯು ಅದಕ್ಕೆ ಮುನ್ನುಡಿ ಬರೆದನು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಅದೇ 1841ರಲ್ಲಿ ‘ಸಾಬ್’ ಎಂಬ ಕಾದಂಬರಿಯೂ ಪ್ರಕಟವಾಯಿತು. ಆಫ್ರಿಕದಿಂದ ತಂದ ಗುಲಾಮರ ಬೆವರಿನಿಂದಲೇ ಕ್ಯೂಬಾದ ಕಬ್ಬಿನ ತೋಟಗಳು ನಡೆಯುತ್ತಿದ್ದ ಕಾಲವದು. ಕಥಾನಾಯಕನಾದ ಸಾಬನು ಅಂಥ ಒಂದು ತೋಟದ ಗುಲಾಮ. ಒಡೆಯನ ಮಗಳಾದ ಕಾರ್ಲೋತಾಳನ್ನು ಮನಸ್ಸಿನಲ್ಲಿಯೇ ಪ್ರೀತಿಸುವನು. ಆಕೆಯಾದರೋ ಧನಲೋಭಿಯಾದ ಒಬ್ಬ ತರುಣನಿಗೆ ಮನಸೋತಿರುವಳು. ಸಾಬನಿಗೆ ಲಾಟರಿಯಲ್ಲಿ ಹಣ ಬಂದಾಗ, ಆ ಚೀಟಿಯನ್ನು ಗುಟ್ಟಾಗಿ ಕಾರ್ಲೋತಾಳ ಪಾಲಿಗೆ ಸೇರಿಸಿ, ಆಕೆಯ ಮದುವೆಯು ತಪ್ಪದಂತೆ ಮಾಡಿ, ತಾನು ಪ್ರಾಣಬಿಡುವನು. ಕಡೆಯ ಪತ್ರದಲ್ಲಿ ಅವನು ಹೇಳುವ ಮಾತಿನ ತಾತ್ಪರ್ಯವಿಷ್ಟು: ಗುಲಾಮನು ಒಡೆಯನನ್ನು ಬದಲಿಸಿಕೊಂಡಾನು, ಕಾಸು ಕೂಡಿಟ್ಟು ಬಿಡುಗಡೆಯನ್ನು ಕೊಂಡಾನು, ವಿವಾಹಿತ ಸ್ತ್ರೀಗಾದರೋ ಸಮಾಧಿಯ ಹೊರತು ಬಿಡುಗಡೆಯಿಲ್ಲ. ತಾತನ ಆಸ್ತಿಯನ್ನು ತೊರೆದ ಬಾಲಿಕೆಯೇ ಇಲ್ಲಿ ಮಾತನಾಡಿದಂತೆ ನಮಗೆ ತೋರುವುದು. ಅಮೆರಿಕದಲ್ಲಿ ‘ಟಾಮ್ ಮಾಮನ ಗುಡಿಸಲು’ ಪುಸ್ತಕರೂಪದಲ್ಲಿ ಹೊರಬಂದುದು 1852ರಲ್ಲಿ, ಅಂದರೆ ಇದಾದ ಹನ್ನೊಂದು ವರ್ಷಗಳ ಮೇಲೆ. ‘ಸಾಬ್’ ಗ್ರಂಥಕ್ಕೆ ಕ್ಯೂಬಾದ ಅಧಿಕಾರಿಗಳು ಪ್ರವೇಶವನ್ನೇ ಕೊಡಲಿಲ್ಲ.

ರಂಗಭೂಮಿಯಲ್ಲಿ ಆಕೆಗೆ 1844ರ ‘ಅಲ್ಫೋನ್ಸೋ ಮುನಿಯೋ’ ಕೀರ್ತಿಯನ್ನು ತಂದಿತು. ಬಾಬಿಲೋನಿನ ದೊರೆಯನ್ನು ಕುರಿತ 1858ರ ‘ಬಾಲ್ತಾಸಾರ್’ ಅದನ್ನು ಶಿಖರಕ್ಕೇರಿಸಿತು. ಮನೆಯ ಸುಖವು ಮಾತ್ರ ನಿಲ್ಲಲಿಲ್ಲ. 1845ರಲ್ಲಿ ಹುಟ್ಟಿದ ಹೆಣ್ಣು ಕೂಸು ತಿಂಗಳುಗಳಲ್ಲೇ ತೀರಿಕೊಂಡಿತು. 1846ರಲ್ಲಿ ಕೈಹಿಡಿದ ಪತಿಯೂ ಅದೇ ವರ್ಷ ಗತಿಸಿದನು. ‘ಈ ಹೆಂಗಸು ಬಹಳ ಗಂಡಸು’ ಎಂಬ ಹೊಗಳಿಕೆಯೊಂದು ಮ್ಯಾಡ್ರಿಡ್ಡಿನಲ್ಲಿ ಪ್ರಚಾರದಲ್ಲಿತ್ತು. ಹೊಗಳಿದವರಿಗೆ ಇದಕ್ಕಿಂತ ದೊಡ್ಡ ಮಾತು ತೋಚದೆ ಹೋದುದು ಆಶ್ಚರ್ಯವಲ್ಲ!

1853ರಲ್ಲಿ, ಮುನ್ನುಡಿ ಬರೆದಿದ್ದ ಗಯೇಗೋ ಕಾಲವಾದನು. ಸ್ಪೇನಿನ ರಾಜ ವಿದ್ವತ್ಪರಿಷತ್ತಿನಲ್ಲಿ ಅವನ ಪೀಠವು ತೆರವಾಯಿತು. ಆ ಸ್ಥಾನಕ್ಕೆ ಅವೆಲ್ಯಾನೇದಾ ಅರ್ಜಿಯನ್ನು ಕಳುಹಿಸಿದಳು. ಪಂಡಿತರು ಆಕೆಯ ಕೃತಿಗಳನ್ನು ತೂಗಲು ಹೋಗಲೇ ಇಲ್ಲ. ಸ್ತ್ರೀಯರು ಸದಸ್ಯರಾಗಬಹುದೇ ಎಂಬ ಪ್ರಶ್ನೆಯನ್ನೆತ್ತಿ, ಆಗಕೂಡದೆಂದು ಬಹುಮತದಿಂದ ತೀರ್ಮಾನಿಸಿದರು. ಪರಿಷತ್ತಿನೊಳಗೆ ಆಕೆಯ ಪರವಾಗಿ ನಿಂತವರೂ ಇದ್ದರು; ಅವರ ಸಂಖ್ಯೆ ಸಾಲಲಿಲ್ಲ. ಆ ಪರಿಷತ್ತು ಮೊದಲ ಬಾರಿಗೆ ಒಬ್ಬ ಸ್ತ್ರೀಯನ್ನು, ಕಾರ್ಮೆನ್ ಕೋಂದೆ ಎಂಬ ಕವಯಿತ್ರಿಯನ್ನು, ಆರಿಸಿಕೊಂಡುದು 1978ರಲ್ಲಿ. ಲೆಕ್ಕ ಹಾಕಿದರೆ 125 ವರ್ಷಗಳು.

1855ರಲ್ಲಿ ಆಕೆ ದೊಮಿಂಗೋ ವೆರ್ದೂಗೋ ಎಂಬ ಸೇನಾಧಿಕಾರಿಯನ್ನು ವರಿಸಿದಳು. 1858ರಲ್ಲಿ ಆಕೆಯ ಮತ್ತೊಂದು ನಾಟಕದ ಮೊದಲ ಪ್ರದರ್ಶನದಲ್ಲಿ ಯಾರೋ ರಂಗದ ಮೇಲೆ ಬೆಕ್ಕನ್ನೆಸೆದು ಗದ್ದಲವೆಬ್ಬಿಸಿದರು. ಆ ಜಗಳವು ಬೆಳೆದು, ಪತಿಯು ಬೀದಿಯಲ್ಲಿ ಇರಿತಕ್ಕೊಳಗಾದನು. ಮುಂದೆ ಅವನ ಆರೋಗ್ಯವು ಸರಿಹೋಗಲಿಲ್ಲ. 1859ರಲ್ಲಿ ದಂಪತಿಗಳು ಕ್ಯೂಬಾಕ್ಕೆ ಬಂದರು. ಇಪ್ಪತ್ತಮೂರು ವರ್ಷಗಳ ತರುವಾಯ ಮರಳಿದ ಮಗಳಿಗೆ 1860ರ ಜನವರಿಯಲ್ಲಿ ಹವಾನಾ ನಗರದ ತಾಕೋನ್ ನಾಟಕಶಾಲೆಯಲ್ಲಿ ಮಹಾಸನ್ಮಾನ ನಡೆಯಿತು. ಆಕೆಯ ತಲೆಯ ಮೇಲೆ ಕಿರೀಟವನ್ನಿಟ್ಟವಳೂ ಒಬ್ಬ ಕವಯಿತ್ರಿ, ಲೂಯಿಸಾ ಪೇರೆಸ್ ದೆ ಸಾಂಬ್ರಾನಾ. ಅದೇ ವರ್ಷ ಆಕೆ ಸ್ತ್ರೀಯರಿಗಾಗಿ ಒಂದು ಪತ್ರಿಕೆಯನ್ನು ಹೊರಡಿಸಿ, ಸ್ತ್ರೀಯರ ಬುದ್ಧಿಶಕ್ತಿಯನ್ನು ಕುರಿತ ಲೇಖನಮಾಲೆಯಲ್ಲಿ ಮ್ಯಾಡ್ರಿಡ್ಡಿನ ಪಂಡಿತರ ಸಾಲವನ್ನು ತೀರಿಸಿದಳು. ವಿದ್ವತ್ಪೀಠಕ್ಕೆ ಗಡ್ಡವೇ ಅರ್ಹತೆಯಾದಲ್ಲಿ ಹೆಂಗಸು ಮಾಡುವುದೇನು ಎಂಬುದು ಆಕೆಯ ಕುಚೋದ್ಯದ ಸಾರ.

1863ರಲ್ಲಿ ಪತಿವಿಯೋಗವಾಯಿತು, ಮರುವರ್ಷ ಆಕೆ ದ್ವೀಪವನ್ನು ಬಿಟ್ಟಳು, ಮತ್ತೆ ಕಾಣಲಿಲ್ಲ. 1869ರಿಂದ 1871ರವರೆಗೆ ತನ್ನ ಸಮಗ್ರ ಕೃತಿಗಳನ್ನು ಐದು ಸಂಪುಟಗಳಲ್ಲಿ ಅಚ್ಚು ಹಾಕಿಸಿ, ಅವನ್ನು ತನ್ನ ಜನ್ಮದ್ವೀಪಕ್ಕೆ ಅರ್ಪಿಸಿದಳು. ಆದರೆ ಆ ದ್ವೀಪದ ಗುಲಾಮರ ಕಥೆಯಾದ ‘ಸಾಬ್’ ಆ ಸಂಪುಟಗಳಲ್ಲಿಲ್ಲ. ಹಳೆಯ ನಿಷೇಧವನ್ನು ನೆನೆದು ಬಿಟ್ಟಳೋ ಏನೋ; ನಾವಾಗಿದ್ದರೆ ಅದನ್ನೇ ಮೊದಲು ಇಡುತ್ತಿದ್ದೆವು. 1873ರ ಫೆಬ್ರವರಿ 1ರಂದು ಆಕೆ ಮ್ಯಾಡ್ರಿಡ್ಡಿನಲ್ಲಿ ಕಣ್ಮುಚ್ಚಿದಾಗ ಕ್ಯೂಬಾದ ತೋಟಗಳಲ್ಲಿ ಗುಲಾಮರು ಇನ್ನೂ ದುಡಿಯುತ್ತಿದ್ದರು. ಅಲ್ಲಿ ಆ ಪದ್ಧತಿಯು ರದ್ದಾದುದು 1886ರಲ್ಲಿ.