ಗುರುವಿಲ್ಲದ ವಿದ್ಯೆ

ಕಲಾವಿದನಾದವನು ತನ್ನ ಕಲೆಯನ್ನು ಕುರಿತು ತಾನೇ ಮಾತನಾಡುವುದನ್ನು ನಮ್ಮ ರಸಿಕರು ಅಷ್ಟಾಗಿ ಮೆಚ್ಚುವುದಿಲ್ಲ. ಹಾಡುವವನು ಹಾಡಲಿ, ಕೇಳುವವನು ಕೇಳಲಿ, ವ್ಯಾಖ್ಯಾನದ ಹೊರೆಯನ್ನು ಬೇಕಾದರೆ ಮೂರನೆಯವನೊಬ್ಬ ಹೊರಲಿ ಎಂಬುದು ನಮ್ಮ ಸಾಮಾನ್ಯವಾದ ನಿಲುವು. ಇದರಲ್ಲಿ ವಿವೇಕವುಂಟು. ರಾಗವೇ ಎದುರು ಬಂದು ನಿಂತಿರುವಾಗ ಅದರ ಪಕ್ಕದಲ್ಲಿ ಮಾತೇಕೆ? ಆದರೆ ಈ ನಿಯಮ ಸಂಗೀತದ ಎಲ್ಲ ಬಗೆಗಳಿಗೂ ಸಲ್ಲುತ್ತದೆಯೆ ಎಂದು ಯೋಚಿಸಬೇಕಾಗಿದೆ. ವಿದ್ಯುದ್ಯಂತ್ರಗಳಿಂದ, ಟೇಪಿನ ತುಣುಕುಗಳಿಂದ, ದಿನನಿತ್ಯದ ಸದ್ದುಗಳಿಂದ ಸಂಗೀತ ಕಟ್ಟಲು ಹೊರಟ ಪ್ರಯೋಗಕಾರರ ಮಟ್ಟಿಗಂತೂ ಇದು ಸಲ್ಲದು. ಅವರು ಮಾತನಾಡಲೇಬೇಕು, ಇಲ್ಲವಾದರೆ ಅವರ ವಿದ್ಯೆ ಅವರೊಡನೆಯೇ ಮುಗಿದುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾರಣ ಸರಳವಾದದ್ದು. ನಮ್ಮ ಸಂಗೀತದಲ್ಲಿ ಬಾಯಿಬಿಟ್ಟು ಹೇಳದೆ ಉಳಿದದ್ದು ಕಳೆದುಹೋಗುವುದಿಲ್ಲ. ಶಿಷ್ಯನು ಗುರುವಿನ ಹಿಂದೆ ತಂಬೂರಿ ಹಿಡಿದು ವರ್ಷಗಟ್ಟಲೆ ಕುಳಿತಿರುತ್ತಾನೆ. ತೋಡಿಯ ಗಾಂಧಾರ ಎಷ್ಟು ಅಲುಗಬೇಕೆಂಬುದನ್ನು ಯಾವ ಪುಸ್ತಕವೂ ಪೂರ್ತಿಯಾಗಿ ಹೇಳಲಾರದು. ಆದರೂ ಅದು ಕಂಠದಿಂದ ಕಂಠಕ್ಕೆ ಇಳಿದು ಬಂದಿದೆ. ಪ್ರಯೋಗಕಾರನಿಗೆ ಈ ಭಾಗ್ಯವಿಲ್ಲ. ಅವನ ಹಿಂದೆ ಗುರುವಿಲ್ಲ. ಮುಂದೆ ಶಿಷ್ಯನು ಸಿಗುವನೆಂಬ ಭರವಸೆಯೂ ಇಲ್ಲ. ಅವನ ವಾದ್ಯವನ್ನು ಅನೇಕ ವೇಳೆ ಅವನೇ ಕಟ್ಟಿಕೊಂಡಿರುತ್ತಾನೆ. ಅದು ಕೆಟ್ಟರೆ ಸರಿಪಡಿಸಬಲ್ಲವನೂ ಅವನೊಬ್ಬನೇ. ವೀಣೆಯ ನಾದವನ್ನು ಕೇಳಿದರೆ ಮೀಟಿದ ಬೆರಳು ಕಣ್ಣಿಗೆ ಕಟ್ಟುತ್ತದೆ. ಟೇಪಿನಿಂದ ಹೊರಟ ನಾದವನ್ನು ಕೇಳಿದರೆ ಅದು ಹೇಗೆ ಆಯಿತೆಂಬುದು ತಿಳಿಯುವಂತಿಲ್ಲ. ಹೀಗಿರುವಲ್ಲಿ ಪರಂಪರೆ ಮಾಡಬೇಕಾದ ಕೆಲಸವನ್ನು ಅವನ ಮಾತೇ ಮಾಡಬೇಕು.

ಇದನ್ನು ಚೆನ್ನಾಗಿ ಅರಿತವನು ಪ್ಯಾರಿಸ್ಸಿನ ಪಿಯೆರ್ ಷೇಫರ್. ಆತ ಫ್ರೆಂಚ್ ರೇಡಿಯೋದ ಎಂಜಿನಿಯರ್. 1948ರಲ್ಲಿ ಬಾತಿನ್ಯೋಲ್ ರೈಲ್ವೆ ನಿಲ್ದಾಣಕ್ಕೆ ಹೋಗಿ ಉಗಿಬಂಡಿಗಳ ಸದ್ದನ್ನು ಮುದ್ರಿಸಿಕೊಂಡು ಬಂದು, ಅದರಿಂದಲೇ ಒಂದು ಕಿರುಕೃತಿಯನ್ನು ರಚಿಸಿದ. ಆ ವರ್ಷದ ಅಕ್ಟೋಬರ್ 5ರಂದು ಅದು ರೇಡಿಯೋದಲ್ಲಿ ಪ್ರಸಾರವಾಯಿತು. ಈ ಕೃತಿಗಿಂತಲೂ ನನಗೆ ಹೆಚ್ಚಿನದೆಂದು ತೋರುವುದು ಆತ ಬರೆದಿಟ್ಟ ದಿನಚರಿ. 1952ರಲ್ಲಿ ಪುಸ್ತಕವಾಗಿ ಹೊರಬಂದ ಬರಹದಲ್ಲಿ ಆತ ತನ್ನ ಗೆಲುವನ್ನು ಮಾತ್ರವಲ್ಲ, ತೊಡಕನ್ನೂ ಹೇಳಿಕೊಂಡಿದ್ದಾನೆ. ರೈಲಿನ ಸದ್ದನ್ನು ಹೇಗೆ ಜೋಡಿಸಿದರೂ ಕೇಳುವವನ ಮನಸ್ಸಿಗೆ ರೈಲೇ ಬರುತ್ತದೆ, ಸಂಗೀತ ಬರುವುದಿಲ್ಲ, ಏನು ಮಾಡಬೇಕು? ಗಂಟೆಯ ನಾದವನ್ನು ಮುದ್ರಿಸಿ, ಪೆಟ್ಟು ಬೀಳುವ ಮೊದಲ ಕ್ಷಣವನ್ನು ಮಾತ್ರ ತೆಗೆದುಹಾಕಿ, ಇಳಿಯುತ್ತಿರುವ ನಾದವನ್ನು ಸಮಗೊಳಿಸಿದರೆ ಅದು ಗಂಟೆಯಾಗಿ ಉಳಿಯದೆ ಊದುವ ವಾದ್ಯದಂತೆ ಕೇಳುತ್ತದೆ. ಗ್ರಾಮಫೋನ್ ತಟ್ಟೆಯ ಗೀರು ತನ್ನ ಮೇಲೆ ತಾನೇ ಸುತ್ತುವಂತೆ ಮಾಡಿದರೆ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಹತ್ತಾರು ಸಲ ಕೇಳಿದ ಮೇಲೆ ಅದು ಯಾವುದರ ಸದ್ದೆಂಬುದು ಮರೆತುಹೋಗಿ, ಸದ್ದಿನ ಆಕಾರವೇ ಕಿವಿಗೆ ಬೀಳತೊಡಗುತ್ತದೆ. ಇವು ಕೈಕೆಲಸದ ವರದಿಗಳು. ಓದಿದವನು ಮಾರನೆಯ ದಿನ ತಾನೂ ಮಾಡಿ ನೋಡಬಹುದು. ಹಾಗೆ ಮಾಡಿ ನೋಡಿದವರಿಂದಲೇ ಒಂದು ಪಂಥ ಬೆಳೆಯಿತು.

ಇಂಗ್ಲೆಂಡಿನಲ್ಲಿ ಬಿ.ಬಿ.ಸಿ.ಯ ರೇಡಿಯೋಫೋನಿಕ್ ಕಾರ್ಯಾಗಾರ 1958ರಲ್ಲಿ ಆರಂಭವಾದಾಗ ಅದರ ಸ್ಥಾಪಕರಲ್ಲಿ ಒಬ್ಬಳು ಡ್ಯಾಫ್ನಿ ಓರಮ್. ಮರುವರ್ಷವೇ ಆಕೆ ಆ ಕೆಲಸವನ್ನು ಬಿಟ್ಟು, ಕೆಂಟ್ ಪ್ರಾಂತದ ಒಂದು ಹಳೆಯ ಕಟ್ಟಡದಲ್ಲಿ ತನ್ನದೇ ಸ್ಟುಡಿಯೋ ಹೂಡಿದಳು. ಫಿಲ್ಮಿನ ಪಟ್ಟಿಗಳ ಮೇಲೆ ಗೆರೆಗಳನ್ನು ಬರೆದರೆ ಅವುಗಳನ್ನು ಬೆಳಕಿನಿಂದ ಓದಿ ನಾದವಾಗಿ ಮಾರ್ಪಡಿಸುವ ಯಂತ್ರವೊಂದನ್ನು ಅಲ್ಲಿ ನಿರ್ಮಿಸಿದಳು. ನಾದದ ಏರಿಳಿತವನ್ನು ಮನುಷ್ಯನ ಕೈಯೇ ಬರೆಯಬೇಕೆಂಬುದು ಆಕೆಯ ಹಟ. ಆ ಯಂತ್ರ ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಸ್ವತ್ತು. ಆದರೆ 1972ರಲ್ಲಿ ಆಕೆ ಪ್ರಕಟಿಸಿದ ಪುಸ್ತಕ ಇಂದಿಗೂ ಓದುವವರ ಕೈಯಲ್ಲಿದೆ. ಯಂತ್ರವನ್ನು ಮುಟ್ಟಲಾಗದವನೂ ಯಂತ್ರದ ಹಿಂದಿನ ಮನಸ್ಸನ್ನು ಮುಟ್ಟಬಲ್ಲ.

ಅದೇ ಕಾರ್ಯಾಗಾರದ ಡೀಲಿಯಾ ಡಾರ್ಬಿಷರ್ ಎಂಬಾಕೆಯ ಕಥೆ ಬೇರೆ. 1963ರಲ್ಲಿ ‘ಡಾಕ್ಟರ್ ಹೂ’ ಎಂಬ ಟೆಲಿವಿಷನ್ ಮಾಲಿಕೆಗೆ ರಾನ್ ಗ್ರೇನರ್ ಬರೆದುಕೊಟ್ಟ ಸಂಗೀತವನ್ನು ಆಕೆ ಟೇಪಿನ ತುಣುಕುಗಳನ್ನು ಅಳೆದು, ಕತ್ತರಿಸಿ, ಅಂಟಿಸಿ ನಾದರೂಪಕ್ಕೆ ತಂದಳು. ಕಾರ್ಯಾಗಾರದ ಕೆಲಸಗಾರರ ಹೆಸರನ್ನು ತೋರಿಸುವ ಪದ್ಧತಿ ಆಗ ಇರಲಿಲ್ಲ. ಆ ಮಾಲಿಕೆಯಲ್ಲಿ ಪರದೆಯ ಮೇಲೆ ಆಕೆಯ ಹೆಸರು ಮೂಡಿದ್ದು 2013ರಲ್ಲಿ, ಆಕೆ ತೀರಿಕೊಂಡು 12 ವರ್ಷಗಳಾದ ಮೇಲೆ. ಆದರೂ ಸಂದರ್ಶನಗಳಲ್ಲಿ ಆಕೆ ಆಡಿದ ಮಾತುಗಳು ಉಳಿದಿವೆ. ಯುದ್ಧಕಾಲದ ಕಾವೆಂಟ್ರಿ ನಗರದಲ್ಲಿ ಎಳೆಯ ಮಗುವಾಗಿದ್ದಾಗ ಕೇಳಿದ ವಿಮಾನದಾಳಿಯ ಸೈರನ್ನುಗಳು ತನ್ನ ಸಂಗೀತಕ್ಕೆ ಮೂಲವೆಂಬುದನ್ನು ಆಕೆ ಹೇಳಿಕೊಂಡಿದ್ದಾಳೆ. ಭಯದ ಸದ್ದು ಸಂಗೀತದ ಬೀಜವಾಯಿತೆಂಬುದು ಕೃತಿಯನ್ನು ಕೇಳಿ ಊಹಿಸಿಕೊಳ್ಳುವಂಥ ಸಂಗತಿಯಲ್ಲ. ಆಕೆ ಹೇಳಿದ್ದರಿಂದ ನಮಗೆ ತಿಳಿಯಿತು.

ಈಗ ನಮ್ಮ ದೇಶದ ಕಡೆಗೆ ತಿರುಗೋಣ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು, ಮೂಗ್ ಸಿಂಥಸೈಜರ್ ಉಳ್ಳ ಒಂದು ಸ್ಟುಡಿಯೋವನ್ನು ಅಣಿಗೊಳಿಸಿಕೊಟ್ಟ. ಅಲ್ಲಿ ಕೆಲಸ ಮಾಡಿದವರಲ್ಲಿ ಗೀತಾ ಸಾರಾಭಾಯಿ ಒಬ್ಬರು. ಅವರು ಪಖವಾಜ್ ವಾದನದಲ್ಲಿ ಪಳಗಿದವರು. 1946ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್‌ಗೆ ಭಾರತೀಯ ಸಂಗೀತವನ್ನು ಹೇಳಿಕೊಟ್ಟು, ಅವನಿಂದ ಪಾಶ್ಚಾತ್ಯ ಸಂಗೀತವನ್ನು ಕಲಿತವರು. ಅತುಲ್ ದೇಸಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮ, ಜಿನರಾಜ್ ಜೋಶಿಪುರ ಮುಂತಾದವರೂ ಅಲ್ಲಿ ಪ್ರಯೋಗ ನಡೆಸಿದರು. ಕೆಲವೇ ವರ್ಷಗಳಲ್ಲಿ ಆ ಸ್ಟುಡಿಯೋ ಮೌನವಾಯಿತು. ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಉಳಿದವು. ಅವುಗಳನ್ನು ಹುಡುಕಿ ತೆಗೆದವನು ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಾಸ್. 2020ರಲ್ಲಿ ಬಿ.ಬಿ.ಸಿ. ರೇಡಿಯೋದಲ್ಲಿ ಅವುಗಳ ಕಥೆ ಪ್ರಸಾರವಾಯಿತು. 2023ರಲ್ಲಿ ಆಯ್ದ ಕೃತಿಗಳು ಧ್ವನಿಮುದ್ರಿಕೆಯಾಗಿ ಬಂದವು.

ಸಂತೋಷದ ಸಂಗತಿಯೇ. ಆದರೆ ನಡುವೆ ಕಳೆದ ಆ ವರ್ಷಗಳ ಲೆಕ್ಕವನ್ನು ಯಾರು ಕೊಡಬೇಕು? 1982ರಲ್ಲಿ ಮುಂಬಯಿಯ ಚಲನಚಿತ್ರ ವಾದ್ಯಗಾರ ಚರಣಜಿತ್ ಸಿಂಗ್ ಅವರು ಹತ್ತು ರಾಗಗಳನ್ನು ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ನುಡಿಸಿ ಒಂದು ಧ್ವನಿಮುದ್ರಿಕೆಯನ್ನು ತಂದರು. ಅದೂ ಮರೆತುಹೋಗಿ, 2010ರ ಮರುಮುದ್ರಣದಿಂದ ಜಗತ್ತಿನ ಕಿವಿಗೆ ಬಿತ್ತು. ಅಹಮದಾಬಾದಿನ ಪ್ರಯೋಗಕ್ಕೂ ಮುಂಬಯಿಯ ಪ್ರಯೋಗಕ್ಕೂ ನಡುವೆ ನನಗೆ ಕೊಂಡಿ ಕಾಣುವುದಿಲ್ಲ. ಷೇಫರನ ದಿನಚರಿಯಂಥ ಪುಸ್ತಕವೊಂದು ಆಗಲೇ ಅಹಮದಾಬಾದಿನಿಂದ ಹೊರಟು ನಮ್ಮ ಕಾಲೇಜುಗಳ ವಾಚನಾಲಯಗಳಿಗೆ ಬಂದಿದ್ದರೆ, ಮುಂದಿನವರು ಇವರ ಹೆಗಲ ಮೇಲೆ ನಿಲ್ಲಬಹುದಾಗಿತ್ತು. ನಾದ ಪೆಟ್ಟಿಗೆಯಲ್ಲಿ ಉಳಿಯಿತು, ವಿದ್ಯೆ ಹರಿಯಲಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಪ್ರಯೋಗಕಾರರ ಮಾತು ಅವರ ಸಂಗೀತಕ್ಕಿಂತ ದೊಡ್ಡದಾಗಿ ಬೆಳೆಯುವುದಿಲ್ಲವೆ? ಎರಡು ನಿಮಿಷದ ಸದ್ದಿಗೆ ಇಪ್ಪತ್ತು ಪುಟದ ತತ್ತ್ವವನ್ನು ಕಟ್ಟಿಕೊಡುವವರು ಇಲ್ಲವೆ? ಇದ್ದಾರೆ. ಕಾಲ, ದೇಶ, ಅನಂತ ಮುಂತಾದ ಭಾರಿ ಮಾತುಗಳು ಬಂದಲ್ಲೆಲ್ಲ ನಾನು ಸಂಶಯಪಡುತ್ತೇನೆ. ಆದರೆ ನಾನು ಬೇಡುತ್ತಿರುವುದು ಆ ಬಗೆಯ ಮಾತನ್ನಲ್ಲ. ‘ನನ್ನ ಉದ್ದೇಶ ಏನು’ ಎಂದು ಹೇಳುವ ಮಾತು ಒಂದು; ‘ನಾನು ಏನು ಮಾಡಿದೆ, ಯಾವುದನ್ನು ಕೇಳಿ ಬಿಟ್ಟೆ, ಯಾಕೆ ಬಿಟ್ಟೆ’ ಎಂದು ಹೇಳುವ ಮಾತು ಇನ್ನೊಂದು. ಮೊದಲನೆಯದು ಹೊಗಳಿಕೆಗೆ ಕೈಯೊಡ್ಡುತ್ತದೆ. ಎರಡನೆಯದು ಕೇಳುವವನ ಕೈಗೆ ಉಳಿ ಸುತ್ತಿಗೆಗಳನ್ನು ಕೊಡುತ್ತದೆ. ಷೇಫರ್ ತನ್ನ ಮುಪ್ಪಿನಲ್ಲಿ, 1986ರ ಒಂದು ಸಂದರ್ಶನದಲ್ಲಿ, ಸಾಂಪ್ರದಾಯಿಕ ಸ್ವರಗಳ ಹೊರಗೆ ಸಂಗೀತ ಸಾಧ್ಯವಿಲ್ಲವೆಂದು ಕಂಡುಕೊಳ್ಳುವುದಕ್ಕೆ ತನಗೆ 40 ವರ್ಷ ಹಿಡಿಯಿತೆಂಬ ಅರ್ಥದಲ್ಲಿ ಮಾತನಾಡಿದ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆದರೂ ಆತ ಅದನ್ನು ಮುಚ್ಚಿಡಲಿಲ್ಲವಾದ್ದರಿಂದಲೇ ಅದರೊಡನೆ ಜಗಳವಾಡಲು ನನಗೆ ಅವಕಾಶವಾಗಿದೆ.

ಮಾತಿನ ಈ ಸತ್ವವನ್ನು ಇನ್ನೊಂದು ದಾರಿಯಿಂದ ತಲುಪಿದವಳು ಫ್ರಾನ್ಸಿನ ಎಲಿಯಾನ್ ರಾದಿಗ್. ಷೇಫರ್‌ನ ಬಳಗದಲ್ಲಿ ತರಬೇತಿ ಪಡೆದು, ಅನಂತರ ದಶಕಗಳ ಕಾಲ ಒಂದೇ ಸಿಂಥಸೈಜರಿನೊಡನೆ ಏಕಾಂತದಲ್ಲಿ ದುಡಿದಳು. ಅದರ ಕೀಲಿಮಣೆ ಹಳೆಯ ಅಭ್ಯಾಸಗಳಿಗೆ ತನ್ನನ್ನು ಸೆಳೆದೀತೆಂದು ಅದನ್ನು ಬೇಕೆಂದೇ ದೂರವಿಟ್ಟಳು. ಮುಪ್ಪಿನಲ್ಲಿ ಯಂತ್ರವನ್ನು ಬಿಟ್ಟು ವಾದ್ಯಗಾರರಿಗಾಗಿ ರಚಿಸತೊಡಗಿದಾಗ ಆಕೆ ಸ್ವರಲಿಪಿಯನ್ನು ಬರೆದುಕೊಡಲಿಲ್ಲ. 2011ರಿಂದ ರಚಿಸಿದ ‘ಓಕಮ್ ಓಶನ್’ ಮಾಲಿಕೆಯ ಕೃತಿಗಳನ್ನು ಒಬ್ಬೊಬ್ಬ ವಾದ್ಯಗಾರನನ್ನೂ ಎದುರು ಕೂರಿಸಿಕೊಂಡು, ನೀರಿನ ಒಂದೊಂದು ಚಿತ್ರವನ್ನು ಮನಸ್ಸಿಗೆ ತಂದುಕೊಂಡು, ಮಾತಿನಿಂದಲೂ ಆಲಿಸುವಿಕೆಯಿಂದಲೂ ದಾಟಿಸಿದಳು. ಪಶ್ಚಿಮದ ಪ್ರಯೋಗ ನಮ್ಮ ಗುರುಕುಲದ ಬಾಗಿಲಿಗೆ ಬಂತೆಂದು ನಾವು ಬೀಗಬೇಕಾಗಿಲ್ಲ. ಒಂಟಿಯಾಗಿ ಕಂಡುಕೊಂಡದ್ದನ್ನು ಮತ್ತೊಬ್ಬರಿಗೆ ಕೊಡುವ ಹೊತ್ತು ಬಂದಾಗ ಮಾತನ್ನು ಹುಡುಕಲೇಬೇಕಾಯಿತೆಂಬುದನ್ನು ಗಮನಿಸಿದರೆ ಸಾಕು.

ಕನ್ನಡಕ್ಕೆ ಇದು ತೀರ ಹೊರಗಿನ ವಿಷಯವೇನೂ ಅಲ್ಲ. ಮೈಸೂರು ವಾಸುದೇವಾಚಾರ್ಯರು ‘ನಾ ಕಂಡ ಕಲಾವಿದರು’ ಬರೆದರು. ಮಲ್ಲಿಕಾರ್ಜುನ ಮನ್ಸೂರರು ‘ನನ್ನ ರಸಯಾತ್ರೆ’ ಬರೆದರು. ಸಂಗೀತಗಾರನು ಕನ್ನಡದಲ್ಲಿ ತನ್ನ ವಿದ್ಯೆಯನ್ನು ಕುರಿತು ಸೊಗಸಾಗಿ ಹೇಳಬಲ್ಲನೆಂಬುದಕ್ಕೆ ಇವು ಸಾಕ್ಷಿ. ವಿದ್ಯುತ್ತೂ ನಮ್ಮ ಕಚೇರಿಗಳಿಗೆ ಹೊಸದಲ್ಲ. ಎಲೆಕ್ಟ್ರಾನಿಕ್ ತಂಬೂರಿ ಎಷ್ಟೋ ವೇದಿಕೆಗಳ ಮೇಲೆ ಶ್ರುತಿ ಹಿಡಿಯುತ್ತಿದೆ, ಅಂಥವನ್ನು ತಯಾರಿಸುವವರು ನಮ್ಮ ಬೆಂಗಳೂರಿನಲ್ಲೇ ಇದ್ದಾರೆ. ತಂತಿಗೂ ಕುದುರೆಗೂ ನಡುವೆ ಸಿಕ್ಕಿಸುವ ಒಂದು ಎಳೆ ದಾರದಿಂದ ಹುಟ್ಟುವ ಜೀವಾಳವನ್ನು ದಾರವೇ ಇಲ್ಲದ ಪೆಟ್ಟಿಗೆಯಲ್ಲಿ ತರಲು ಯಾವ ಯಾವ ಪಾಡು ಪಡಬೇಕಾಯಿತು? ಇದನ್ನು ತಯಾರಿಸಿದವರ ಬಾಯಿಂದಲೇ ಕನ್ನಡದಲ್ಲಿ ಕೇಳುವ ಆಸೆ ನನಗಿದೆ.

ಷೇಫರನಿಗೆ ಒಂದು ರೇಡಿಯೋ ನಿಲಯವೇ ಬೇಕಾಗಿದ್ದ ಕೆಲಸವನ್ನು ಇಂದು ವಿದ್ಯಾರ್ಥಿಯೊಬ್ಬ ಜೇಬಿನಲ್ಲಿರುವ ಫೋನಿನಿಂದ ಮಾಡಬಹುದು. ಅಂಥ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಒಂದು ಮಾತು ಹೇಳಬೇಕೆಂದು ನನ್ನ ಬೇಡಿಕೆ: ಧ್ವನಿಯ ಜೊತೆಗೆ ಒಂದು ನೋಟುಪುಸ್ತಕವನ್ನೂ ಇಡಿ. ಇಂದು ಯಾವ ಸದ್ದನ್ನು ಹಿಡಿದಿರಿ, ಎಲ್ಲಿ ಕತ್ತರಿಸಿದಿರಿ, ಎಲ್ಲಿ ಕಿವಿ ಒಪ್ಪಲಿಲ್ಲ ಎಂಬುದನ್ನು ನಿಮ್ಮ ಮನೆಯ ಕನ್ನಡದಲ್ಲಿ ಬರೆದಿಡಿ. ಪದ ಸಿಗದಿದ್ದರೆ ಕಮ್ಮಾರನನ್ನೋ ನೇಕಾರನನ್ನೋ ಕೇಳಿ ಪಡೆಯಿರಿ. ಹಾಗೆ ಬರೆದಿಟ್ಟರೆ, ಇನ್ನು ನಲವತ್ತು ವರ್ಷಗಳಾದ ಮೇಲೆ ನಿಮ್ಮ ಕೆಲಸವನ್ನು ಅರಿಯಲು ಯಾರೂ ಯಾವ ಪೆಟ್ಟಿಗೆಯ ಬೀಗವನ್ನೂ ಒಡೆಯಬೇಕಾಗುವುದಿಲ್ಲ.