ನಿಜಯಂತ್ರವೋ, ಅನುಕರಣಯಂತ್ರವೋ?

ಇಂಟೆಲ್ ಜಾತಿಯ ಯಂತ್ರದ ಮುಂದೆ ಕುಳಿತವನು ಆರ್ಮ್, ರಿಸ್ಕ್-ಫೈವ್ ಮೊದಲಾದ ಅನ್ಯಜಾತಿಯ ಪ್ರೊಸೆಸರುಗಳಿಗಾಗಿ ತಂತ್ರಾಂಶವನ್ನು ಕಟ್ಟಬೇಕಾದಾಗ, ಆಯಾ ಜಾತಿಯ ನಿಜಯಂತ್ರವನ್ನೇ ತಂದಿರಿಸಿಕೊಳ್ಳಬೇಕೆ, ಅಥವಾ ಎಮ್ಯುಲೇಟರಿನ ಮೂಲಕ ತನ್ನ ಯಂತ್ರಕ್ಕೇ ಅವುಗಳ ವೇಷ ಹಾಕಿಸಿ ಕಾರ್ಯವನ್ನು ಸಾಗಿಸಬಹುದೆ?

ಪರ: ನಿಜಯಂತ್ರವೇ ಬೇಕು

ಎಮ್ಯುಲೇಟರು ಮಾಡುವ ಕೆಲಸ ಭಾಷಾಂತರದ್ದು. ಫಾಬ್ರಿಸ್ ಬೆಲ್ಲಾರ್ ಎಂಬ ಫ್ರೆಂಚ್ ಪ್ರತಿಭಾವಂತನು 2003ರಲ್ಲಿ ಹೊರತಂದ ಕ್ಯೂಎಮ್ಯು, ಅನ್ಯ ಪ್ರೊಸೆಸರಿನ ಆದೇಶಗಳನ್ನು ತುಂಡುತುಂಡಾಗಿ ಓದಿ, ಆಶ್ರಯ ಕೊಟ್ಟ ಯಂತ್ರದ ಆದೇಶಗಳಾಗಿ ಮಾರ್ಪಡಿಸಿ ನಡೆಸುತ್ತದೆ. ಆದುದರಿಂದಲೇ ಕಂಪೈಲ್ ಮಾಡುವಂಥ ಶ್ರಮದ ಕಾರ್ಯವು ಅಲ್ಲಿ ಹಲವು ಪಟ್ಟು ನಿಧಾನ. ದೋಷವು ಇಷ್ಟೇ ಆಗಿದ್ದಿದ್ದರೆ ತಾಳ್ಮೆಯುಳ್ಳವರು ಸಹಿಸಿಕೊಳ್ಳಬಹುದಾಗಿತ್ತು.

ಆದರೆ ಒಂದು ಪ್ರೋಗ್ರಾಮಿನಲ್ಲಿ ಎರಡು ಥ್ರೆಡ್‌ಗಳು ಓಡುತ್ತಿವೆಯೆಂದು ಭಾವಿಸಿರಿ. ಮೊದಲನೆಯದು ಲೆಕ್ಕದ ಮೊತ್ತವನ್ನು ಮೆಮೊರಿಯಲ್ಲಿ ಬರೆದು, ಅನಂತರ ‘ಸಿದ್ಧ’ವೆಂಬ ಗುರುತನ್ನು ಇಡುತ್ತದೆ, ಎರಡನೆಯದು ಆ ಗುರುತನ್ನು ಕಂಡೊಡನೆ ಮೊತ್ತವನ್ನು ಓದಿಕೊಳ್ಳುತ್ತದೆ. ಇಂಟೆಲ್ ಯಂತ್ರವು ಹೀಗೆ ಬರೆದುದರ ಕ್ರಮವನ್ನು ಕೆಡಿಸದು. ಆರ್ಮ್ ಯಂತ್ರಕ್ಕೆ ಅಂಥ ಕಟ್ಟುಪಾಡಿಲ್ಲ. ನಡುವೆ ಕ್ರಮವನ್ನು ಕಾಯುವ ಬ್ಯಾರಿಯರ್ ಆದೇಶವನ್ನು ಹಾಕಲು ಮರೆತಿದ್ದರೆ, ಗುರುತು ಮೊದಲು ಕಾಣಿಸಿ, ಮೊತ್ತವು ಹಳೆಯದೇ ಸಿಗಬಹುದು. ಈ ತಪ್ಪುಳ್ಳ ಆರ್ಮ್ ಪ್ರೋಗ್ರಾಮನ್ನು ಇಂಟೆಲ್ ಯಂತ್ರದ ಮೇಲಣ ಎಮ್ಯುಲೇಟರಿನಲ್ಲಿ ಸಾವಿರ ಸಲ ಓಡಿಸಿದರೂ, ಕೆಳಗಿರುವ ಯಂತ್ರದ ಶಿಸ್ತೇ ಅದನ್ನು ಮುಚ್ಚಿಡುತ್ತದೆ. ಹೊರಬೀಳುವುದು ಬಳಸುವವನ ಫೋನಿನಲ್ಲಿ, ಅದೂ ಎಂದೋ ಒಮ್ಮೆ.

ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಬಳಗದವರು ಪ್ರತಿಯೊಂದು ಪ್ರೊಸೆಸರಿನ ಆವೃತ್ತಿಯನ್ನೂ ಅದೇ ಪ್ರೊಸೆಸರಿನ ಮೇಲೆ ಕಟ್ಟಬೇಕೆಂಬ ಹಠವನ್ನು ಹಿಡಿದಿರುವುದು ಇದಕ್ಕಾಗಿಯೇ: ಹಗಲಿರುಳು ಕಂಪೈಲ್ ಮಾಡುತ್ತ ಬೆವರಿದ ಯಂತ್ರವು, ಬೇರೊಂದು ಪರೀಕ್ಷೆಯನ್ನು ಏರ್ಪಡಿಸದೆಯೇ ಪರೀಕ್ಷಿತವಾಗಿರುತ್ತದೆ. ಯಂತ್ರವು ದುರ್ಲಭವೆಂಬ ನೆಪವೂ ಆರ್ಮ್‌ನ ಮಟ್ಟಿಗೆ ಈಗ ಸಲ್ಲದು. 2018ರಿಂದ ಅಮೆಜಾನ್ ಅದನ್ನು ಗಂಟೆಯ ಬಾಡಿಗೆಗೆ ಕೊಡುತ್ತಿದೆ.

ವಿರೋಧ: ಅನುಕರಣೆ ಸಾಕು

ಯಂತ್ರವನ್ನು ಕಣ್ಣಿನಿಂದ ಕಾಣುವ ಮೊದಲೇ ಅದಕ್ಕೆ ತಂತ್ರಾಂಶ ಬೇಕಾದರೆ? 1975ರಲ್ಲಿ ಪಾಲ್ ಆಲನ್ ಮತ್ತು ಬಿಲ್ ಗೇಟ್ಸ್ ಇಬ್ಬರೂ ಆಲ್ಟೇರ್ ಕಂಪ್ಯೂಟರಿಗೆ ಬೇಸಿಕ್ ಭಾಷೆಯನ್ನು ಬರೆಯಲು ಹೊರಟಾಗ ಅವರ ಬಳಿ ಆಲ್ಟೇರ್ ಇರಲಿಲ್ಲ. ಹಾರ್ವರ್ಡಿನ ಪಿಡಿಪಿ-10 ಯಂತ್ರದ ಮೇಲೆ ಆಲ್ಟೇರಿನ 8080 ಚಿಪ್ಪಿನ ನಡೆಯನ್ನು ಅನುಕರಿಸುವ ಪ್ರೋಗ್ರಾಮನ್ನು ಆಲನ್ ರಚಿಸಿದನು. ಬೇಸಿಕ್ ಬೆಳೆದುದು ಅದರ ಮೇಲೆ. ಅದನ್ನು ತೋರಿಸಲೆಂದು ಆಲ್ಬುಕರ್ಕಿಗೆ ವಿಮಾನವೇರಿದ ಮೇಲೆ, ಕಾಗದದ ಟೇಪಿನಿಂದ ಯಂತ್ರಕ್ಕೆ ಅದನ್ನು ತುಂಬುವ ಲೋಡರನ್ನೇ ಬರೆದಿಲ್ಲವೆಂಬುದು ಅವನ ನೆನಪಿಗೆ ಬಂದು, ವಿಮಾನದಲ್ಲೇ ಕೈಬರೆಹದಲ್ಲಿ ಬರೆದುಕೊಂಡನು. ನಿಜವಾದ ಆಲ್ಟೇರ್ ಎದುರಿಗೆ ಕುಳಿತು ಎರಡಕ್ಕೆ ಎರಡು ಕೂಡಿಸೆಂದು ಕೇಳಿದಾಗ ಅದು 4 ಎಂದು ಅಚ್ಚುಹಾಕಿತು. ಅದೃಷ್ಟವೂ ಜತೆಗಿತ್ತೆನ್ನಿ, ಆದರೂ ಇಂದಿನ ತಂತ್ರಾಂಶೋದ್ಯಮದ ಒಂದು ಬೇರು ಅನುಕರಣಯಂತ್ರದಲ್ಲಿ ಇಳಿದಿದೆಯೆಂಬುದನ್ನು ಅಲ್ಲಗಳೆಯುವುದು ಹೇಗೆ?

ಯಂತ್ರವು ಮುದಿಯಾದಾಗಲೂ ಇದೇ ಕಥೆ. ಮೋಟೊರೊಲಾ 68000 ವಂಶದ ಹಳೆಯ ಯಂತ್ರಗಳು ಓಟಕ್ಕೆ ನಿಲ್ಲಲಾರದೆ ಹೋದುದರಿಂದ ಡೆಬಿಯನ್ ಎಂಬ ಲಿನಕ್ಸ್ ಬಳಗವು ತನ್ನ 2007ರ ಆವೃತ್ತಿಯಲ್ಲಿ ಅವನ್ನು ಬಿಟ್ಟುಬಿಟ್ಟಿತು. ಮುಂದೆ ಸ್ವಯಂಸೇವಕರು ಅರಾನಿಮ್ ಎಂಬ ಎಮ್ಯುಲೇಟರಿನ ಬಲದಿಂದ ರಾಶಿಬಿದ್ದ ಪ್ಯಾಕೇಜುಗಳನ್ನು ಕಟ್ಟಿ ಆ ವಂಶಕ್ಕೆ ಮರುಜೀವ ಕೊಟ್ಟರು. ಐಬಿಎಂ ಮೇನ್‌ಫ್ರೇಮನ್ನಂತೂ ಯಾವ ಸ್ವಯಂಸೇವಕನೂ ಮನೆಯಲ್ಲಿಟ್ಟು ಸಾಕಲಾರನು. ಅದು ಬೈಟುಗಳನ್ನು ಇಂಟೆಲ್‌ಗೆ ವಿಲೋಮವಾದ ಕ್ರಮದಲ್ಲಿ ಇಡುವುದರಿಂದ ಹುಟ್ಟುವ ತಪ್ಪುಗಳು ಕ್ಯೂಎಮ್ಯುವಿನಲ್ಲಿಯೂ ತಪ್ಪದೆ ಸಿಕ್ಕಿಬೀಳುತ್ತವೆ. ಎಲ್ಲ ದೋಷಗಳೂ ಆ ಥ್ರೆಡ್‌ಗಳ ದೋಷದಂತೆ ಮಾಯಾವಿಗಳಲ್ಲ.

ನನ್ನ ತೀರ್ಪು

ತೊಟ್ಟಿಲಲ್ಲಿಯೂ ಮುಪ್ಪಿನಲ್ಲಿಯೂ ಅನುಕರಣೆಯೇ ಊರುಗೋಲು. ಆದರೆ ಜನರ ಕೈಗೆ ಕೊಡುವ ಪ್ರತಿಯು ನಿಜಯಂತ್ರದ ಮೇಲೆ ಹುಟ್ಟಬೇಕೆಂಬವರ ಕಡೆಗೇ ನಾನು. ರಿಸ್ಕ್-ಫೈವ್‌ಗಾಗಿ ಡೆಬಿಯನ್ನನ್ನು ಅಣಿಗೊಳಿಸುವ ಕೆಲಸದ ಮೊದಲ ಹೆಜ್ಜೆಗಳು, ಬೋರ್ಡುಗಳು ಕೈಗೆ ಬರುವ ಮುನ್ನವೇ, ಎಮ್ಯುಲೇಟರಿನಲ್ಲಿ ನಡೆದವು. 2023ರ ಜುಲೈಯಲ್ಲಿ ಅದಕ್ಕೆ ಅಧಿಕೃತ ಸ್ಥಾನ ದೊರೆತಾಗ ಮಾತ್ರ, ಭಂಡಾರವನ್ನು ಹೆಚ್ಚುಕಡಮೆ ಬರಿದಾಗಿಯೇ ತೆರೆದು, ಸುಮಾರು 90 ಮೂಲ ಪ್ಯಾಕೇಜುಗಳನ್ನಷ್ಟೇ ಒಳಗೆ ಬಿಟ್ಟು, ಉಳಿದ ಸಹಸ್ರಾರು ಪ್ಯಾಕೇಜುಗಳನ್ನು ನಿಜವಾದ ಬೋರ್ಡುಗಳ ಮೇಲೆ ಮತ್ತೊಮ್ಮೆ ಕಟ್ಟಿದರು.