ಸ್ವಭಾವ ಅಳೆಯೋ ಕೋಲು ಯಾರ ಕೈಲಿ?

ಆಟಗಾರನ ಸ್ವಭಾವ ಅಳೆದು ತಂಡ ಕಟ್ಟಬೇಕಂತೆ. ಮುನ್ನುಗ್ಗುವವನು, ಬೆರೆಯುವವನು, ತಾಳುವವನು, ಲೆಕ್ಕ ಹಾಕುವವನು ಅಂತ ನಾಲ್ಕು ಖಾನೆ. ಮಾರ್ಸ್ಟನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1928ರಲ್ಲಿ ಬರೆದ ಪುಸ್ತಕ ಇದರ ಬೇರು. ನಾಲ್ಕು ಖಾನೆ ಅಂದಕೂಡಲೇ ನಮಗೆ ಮನುವಿನ ನೆನಪಾದರೆ ತಪ್ಪು ನಮ್ಮದಲ್ಲ.

ಈ ದೇಶ ನಮ್ಮ ಸ್ವಭಾವವನ್ನು ನಾವು ಹುಟ್ಟುವ ಮೊದಲೇ ಬರೆದಿಟ್ಟಿದೆ. ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಪಾಲ್ವಂಕರ್ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಪುಣೆಯಲ್ಲಿ ಅವರು ಎಸೆದ ಚೆಂಡು ಮುಟ್ಟಿದ ಸವರ್ಣರು ಚಹಾವನ್ನು ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಕೊಟ್ಟರು. ಹಿಂದೂ ತಂಡದ ನಾಯಕನ ಪಟ್ಟ ಅವರಿಗೆ ಕಟ್ಟಲೇ ಇಲ್ಲ. ಕೈ ಬೇಕು, ತಲೆ ಬೇಡ!

1987ರಲ್ಲಿ ಕ್ರೀಡಾ ಪ್ರಾಧಿಕಾರ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆರಿಸಿತು. ಆಫ್ರಿಕದ ರಕ್ತ, ಓಡ್ತಾರೆ ಅಂತ. ಕೆಲವೇ ವರ್ಷಕ್ಕೆ ಯೋಜನೆ ಮುಚ್ಚಿತು, ಮಕ್ಕಳು ಕಾಡಿಗೆ ವಾಪಸ್ಸು. ನಮ್ಮ ಕರಾವಳಿಯಲ್ಲಂತೂ ಕಂಬಳದ ಮುನ್ನಾ ರಾತ್ರಿ ಕೋಣ ಓಡುವ ಕರೆಯಲ್ಲಿ ಕೊರಗರನ್ನೇ ಓಡಿಸುತ್ತಿದ್ದರು. ಅಜಲು ನಿಲ್ಲಿಸಲು 2000ದ ಕಾಯ್ದೆಯೇ ಬೇಕಾಯ್ತು.

ನಾಳೆ ಕುಂಬ್ರದ ಕಬಡ್ಡಿ ಹುಡುಗನ ಮುಂದೂ ಈ ಪ್ರಶ್ನೆಪತ್ರಿಕೆ ಬರುತ್ತದೆ. ಮಾಷ್ಟ್ರೇ, ಗುತ್ತಿನ ಧಣಿಯೆದುರು ತಲೆ ತಗ್ಗಿಸಿ ಬೆಳೆದವನು 'ನಾನು ಮುಂದಾಳು' ಅಂತ ಗುರುತು ಹಾಕುತ್ತಾನಾ? ಹಾಕದಿದ್ದರೆ ಅದು ಸ್ವಭಾವವಾ, ಪೆಟ್ಟಿನ ಕಲೆಯಾ? ಅಳೆಯಲೇ ಬೇಡಿ ಅನ್ನುವುದಿಲ್ಲ ನಾವು. ಬರೆದದ್ದನ್ನು ಮೊದಲು ಆ ಹುಡುಗನ ಕೈಗೆ ಕೊಡಿ, ಅವನು ಅಲ್ಲ ಅಂದದ್ದನ್ನು ಹೊಡೆದುಹಾಕಿ. ತಂಡ ಆರಿಸುವವರ ಸ್ವಭಾವವನ್ನೂ ಅಳೆದು ಪಂಚಾಯ್ತಿ ಗೋಡೆಗೆ ಅಂಟಿಸಿ.